ವಿಮಾನ ಹತ್ತದ ಕೊಬ್ಬರಿ

"ಕೊಬ್ಬರಿ ತೆಗ್ದ್ಬಿಡು ದೊಡ್ಡವ್ವ. ವಿಮಾನ್ದಲ್ಲಿ ಬಿಡಲ್ವಂತೆ."

ಸಿದ್ಧಾರ್ಥ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಹೇಳಿದ. ಪೆಟ್ಟಿಗೆಯ ಮೇಲೆ ಬಾಗಿದ್ದ ಸಣ್ಣತಾಯಮ್ಮನ ಕೈ ಹಾಗೇ ನಿಂತಿತು. ಕೈಯಲ್ಲಿ ಎರಡು ಉಂಡೆ ಕೊಬ್ಬರಿ. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದವುಗಳಲ್ಲಿ ಒಳ್ಳೆಯವನ್ನೇ ಆರಿಸಿ, ಚಿಪ್ಪೊಡೆದು, ಬೆಳ್ಳಗೆ ಒರೆಸಿ ತಂದಿದ್ದಳು.

ವಿಹಾರದ ಮುಂದಿನ ಶೀಟಿನ ಚಪ್ಪರದಡಿ, ಎರಡು ಬೆಂಚುಗಳ ಮೇಲೆ ಪೆಟ್ಟಿಗೆ. ಅದರೊಳಗೆ ಕಾವಿಬಟ್ಟೆಯಲ್ಲಿ ವಿಹಾರದ ಬೌದ್ಧ ಭಿಕ್ಷು, ಎಲ್ಲರ ಭಂತೇಜಿ. ಮೊನ್ನೆ ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದವರು ಹತ್ತಿರದ ಗಂಡಸಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಊರಲ್ಲೇ ಮಣ್ಣು ಮಾಡಿ ಗುರುತಿಗೊಂದು ಬೋಧಿಗಿಡ ನೆಡಬೇಕೆಂದು ಎಲ್ಲರಿಗೂ ಆಸೆಯಿತ್ತು. ಆದರೆ ದೂರದ ತ್ರಿಪುರಾದ ಹಳ್ಳಿಯಲ್ಲಿ ಅವರನ್ನು ಸಾಕಿ ಬೆಳೆಸಿದ ಅಕ್ಕ ಇದ್ದಳು, ನಡೆಯಲಾರದ ಮುದುಕಿ. ಮುಖ ನೋಡಬೇಕು ಎಂದಿದ್ದಳಂತೆ, ಅಷ್ಟೇ. ಆ ಒಂದು ಮಾತಿಗೆ ಊರು ತನ್ನ ಆಸೆಯನ್ನು ಬಿಟ್ಟುಕೊಟ್ಟಿತು. ಹಾಸನದಲ್ಲಿ ದೇಹ ಕೆಡದಂತೆ ಔಷಧ ಏರಿಸಿಕೊಟ್ಟರು. ಬೆಂಗಳೂರಿನವರೆಗೆ ಆಂಬುಲೆನ್ಸು, ಅಲ್ಲಿಂದ ಮುಂದೆ ವಿಮಾನದ ಸರಕಿನ ಜೊತೆ.

"ಭಂತೇಜಿನೂ ಸರಕು ಅಂತಾರೇನ್ಲಾ?" ಎಂದು ಸಣ್ಣತಾಯಮ್ಮನ ಗಂಡ ತಮ್ಮಯ್ಯ ಬೆಳಿಗ್ಗೆಯೇ ಕೇಳಿದ್ದ. ಅವನ ತಮ್ಮನ ಮಗ, ಅರಸೀಕೆರೆಯಲ್ಲಿ ಮೇಷ್ಟ್ರಾಗಿರುವ ಸಿದ್ಧಾರ್ಥ, ಬುಕ್ ಮಾಡೋದು ಹಾಗೆ, ಮನಸ್ಸಲ್ಲಿ ಯಾರೂ ಹಾಗಂದುಕೊಳ್ಳೋದಿಲ್ಲ ಎಂದು ಸಮಾಧಾನ ಹೇಳಿದ್ದ.

ಈಗ ಅವನೇ ಕೊಬ್ಬರಿಯ ಸಂಗತಿಯನ್ನು ಬಿಡಿಸಿ ಹೇಳಬೇಕಾಯಿತು. ಕಾರ್ಗೋ ಏಜೆಂಟು ಪೆಟ್ಟಿಗೆಯಲ್ಲಿ ದೇಹದ ಜೊತೆ ಇನ್ನೇನಿದೆ ಎಂದು ಕೇಳಿದ್ದರಂತೆ. ಕೊಬ್ಬರಿ ಎಂದ ಕೂಡಲೇ ಬೆಚ್ಚಿಬಿದ್ದರಂತೆ. ಅದರಲ್ಲಿ ಎಣ್ಣೆಯಿದೆ, ಕಾವೇರಿದರೆ ತಾನಾಗಿ ಹೊತ್ತಿಕೊಳ್ಳಬಹುದು, ವಿಮಾನಕ್ಕೆ ಅದು ಬೆಂಕಿಯ ಸಾಮಾನಿದ್ದಂತೆ.

"ಅರಸೀಕೆರೆ ಮಂಡೀಲಿ ಗುಡ್ಡೆಗುಡ್ಡೆ ಬಿದ್ದಿರ್ತೈತೆ," ಎಂದ ತಮ್ಮಯ್ಯ. "ಹಂಗಾರೆ ನಾವೆಲ್ಲ ಯಾವತ್ತೋ ಬೂದಿ ಆಗ್ಬೇಕಿತ್ತು."

ಮುಚ್ಚಳ ಹಿಡಿದು ನಿಂತಿದ್ದ ಬಡಗಿ ಪುಟ್ಟರಾಜು ನಕ್ಕ. ಸಣ್ಣತಾಯಮ್ಮ ನಗಲಿಲ್ಲ.

"ನಮ್ಮನೆಯಿಂದ ಯಾರ್ನೂ ಬರಿಗೈಲಿ ಕಳ್ಸಿಲ್ಲ ಕಣಪ್ಪ. ತೆಂಗಿನ ಸೀಮೇಲಿ ಇಷ್ಟ್ ವರ್ಸ ಇದ್ದೋರು. ಅವರಕ್ಕ ಪೆಟ್ಗೆ ತೆಗ್ದು ನೋಡುದ್ರೆ ಏನಂದ್ಕಂಡಾಳು? ಯಾರೂ ದಿಕ್ಕಿಲ್ದೆ ಇದ್ನಾ ನನ್ ತಮ್ಮ ಅಂದ್ಕಳಲ್ವಾ?"

ಅವಳು ಕೊಬ್ಬರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಯ ಕಡೆ ನಡೆದಳು. ಮುನಿಸಿಕೊಂಡಳೆಂದೇ ಎಲ್ಲರೂ ತಿಳಿದರು.

ಭಂತೇಜಿ ಈ ಊರಿಗೆ ಬಂದ ಹೊಸದರಲ್ಲಿ ತಮ್ಮಯ್ಯ ತೆಂಗಿನ ಮರದಿಂದ ಬಿದ್ದು, ಕಾಲು ಸ್ವಾಧೀನ ತಪ್ಪಿ, ಜಗಲಿ ಹಿಡಿದು ಮಲಗಿದ್ದ. ದಿನವೂ ಅನ್ನಕ್ಕೆ ಬಂದವರು ಉಂಡಾದ ಮೇಲೆ ಅವನ ಕಾಲಬುಡದಲ್ಲಿ ಕೂರುತ್ತಿದ್ದರು. ಸಣ್ಣತಾಯಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಬಟ್ಟಲನ್ನು ತರುವಳು. ಭಿಕ್ಷುಗಳು ಹೆಂಗಸರ ಕೈ ಸೋಕಿಸುವುದಿಲ್ಲ. ಅವರು ನೆಲದ ಮೇಲೆ ಬಟ್ಟೆ ಹಾಸುವರು, ಇವಳು ಅದರ ಮೇಲೆ ಇಡುವಳು, ಅವರು ಎತ್ತಿಕೊಳ್ಳುವರು. ಆಮೇಲೆ ಅಂಗಾಲಿಗೆ ಹಚ್ಚಿ ತಿಕ್ಕುವರು. ಅವರು ಕನ್ನಡ ಕಲಿತದ್ದೇ ಆ ಜಗಲಿಯಲ್ಲಿ, ಗಂಡಸರ ಮಾತು ಕೇಳಿ. ಒಂದು ದಿನ ಬಲು ಗೌರವದ ದನಿಯಲ್ಲಿ, "ಏನ್ಲಾ ತಮ್ಮಯ್ಯ, ಕಾಲು ಐತಾ?" ಎಂದುಬಿಟ್ಟರು. ಬಿದ್ದ ಮೇಲೆ ತಮ್ಮಯ್ಯ ಮೊದಲ ಸಲ ನಕ್ಕದ್ದು ಅವತ್ತು. ಆಮೇಲೆ ಅವರು ಅದನ್ನು ದಿನಾ ಕೇಳಿದರು. ತಮ್ಮಯ್ಯ ದಿನಾ, ಇಲ್ಲ ಭಂತೇಜಿ, ಎನ್ನುತ್ತಿದ್ದ. ಕಾಲು ಬಂದು ಅವನು ಗದ್ದೆಗೆ ನಡೆದುಹೋದ ದಿನ ಭಂತೇಜಿ ಬೇರೆ ಊರಿನಲ್ಲಿದ್ದರು. ತಿರುಗಿ ಬಂದವರು ಅವನು ನಡೆಯುವುದನ್ನು ಕಂಡರು, ಕೇಳುವುದಕ್ಕೇನೂ ಉಳಿದಿರಲಿಲ್ಲ.

ಸಣ್ಣತಾಯಮ್ಮ ಹಿಂತಿರುಗಿದಾಗ ಅವಳ ಕೈಯಲ್ಲಿ ಅದೇ ಬಟ್ಟಲು ಇತ್ತು. ಎಣ್ಣೆ ಬೆಚ್ಚಗಿತ್ತು. ಪೆಟ್ಟಿಗೆಯ ಕಾಲ ಕಡೆಗೆ ನೆಲದ ಮೇಲೆ ಒಂದು ಬಟ್ಟೆ ಹಾಸಿ, ಬಟ್ಟಲನ್ನು ಅದರ ಮೇಲಿಟ್ಟು, ಹಿಂದೆ ಸರಿದು ನಿಂತು ಗಂಡನ ಮುಖ ನೋಡಿದಳು.

ತಮ್ಮಯ್ಯ ಹೆಗಲ ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿದ. ಬಟ್ಟಲನ್ನೆತ್ತಿಕೊಂಡು, ತಣ್ಣಗಿದ್ದ ಆ ಅಂಗಾಲುಗಳಿಗೆ ಎಣ್ಣೆ ಹಚ್ಚತೊಡಗಿದ. ಬೆರಳ ಸಂದಿಗೂ ಹಚ್ಚಿದ.

"ಹಿಮ್ಮಡಿಗೂ ಹಚ್ಚು," ಎಂದಳು ಸಣ್ಣತಾಯಮ್ಮ ದೂರದಿಂದ. "ಬಿರುಕು ಬಿಟ್ಟವೆ, ನೋಡು."

ಅವನು ಹಚ್ಚಿದ. ತಿಕ್ಕುತ್ತ ತಿಕ್ಕುತ್ತ ಕೈ ನಿಧಾನವಾಯಿತು. ಪೆಟ್ಟಿಗೆಯ ಮೇಲೆ ಬಾಗಿ, ಪಕ್ಕದಲ್ಲಿದ್ದವರಿಗಷ್ಟೇ ಕೇಳುವಂತೆ ಹೇಳಿದ.

"ಐತೆ ಭಂತೇಜಿ. ಕಾಲು ಐತೆ."

ಏಜೆಂಟಿನ ಫೋನು ಮತ್ತೆ ಬಂತು. ಸಿದ್ಧಾರ್ಥ ಎಣ್ಣೆಯಿಂದ ಮಿನುಗುತ್ತಿದ್ದ ಆ ಪಾದಗಳನ್ನೇ ನೋಡುತ್ತ, ಕೊಬ್ಬರಿ ತೆಗೆದಿದ್ದೇವೆ, ದೇಹ ಮತ್ತು ಮೈಮೇಲಿನ ಬಟ್ಟೆ ಬಿಟ್ಟು ಇನ್ನೇನೂ ಇಲ್ಲ ಎಂದ. ಎಲ್ಲರೂ ಕೈಮುಗಿದರು. ಪುಟ್ಟರಾಜು ಮುಚ್ಚಳ ಕೂರಿಸಿದ.

ಕೆಲವು ದಿನಗಳ ಮೇಲೆ ಸಿದ್ಧಾರ್ಥ ಬಂದಾಗ ಸಣ್ಣತಾಯಮ್ಮ ಅಂಗಳದಲ್ಲಿ ಕೊಬ್ಬರಿ ಒರೆಸುತ್ತ ಕೂತಿದ್ದಳು, ಪಕ್ಕದಲ್ಲೇ ತಮ್ಮಯ್ಯನೂ ಇದ್ದ. ತ್ರಿಪುರಾದಿಂದ ವಿಡಿಯೋ ಬಂದಿದೆ ಎಂದು ಫೋನನ್ನು ಅವಳ ಮುಂದೆ ಹಿಡಿದ. ಬಿದಿರಿನ ಮನೆ, ತುಂಬ ಜನ, ತೆರೆದ ಪೆಟ್ಟಿಗೆ. ಇಬ್ಬರು ಒಬ್ಬ ಮುದುಕಿಯನ್ನು ಹಿಡಿದು ತಂದರು. ಅವಳು ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವರ ಆಸರೆಯಲ್ಲೇ ಕಾಲ ಕಡೆಗೆ ಬಂದು, ಎರಡೂ ಪಾದಗಳನ್ನು ಮುಟ್ಟಿ, ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಒತ್ತಿಕೊಂಡವಳು ಹಾಗೇ ನಿಂತಳು. ಕೈಗಳನ್ನು ಮೆಲ್ಲಗೆ ಮೂಗಿನ ಬಳಿಗೆ ತಂದಳು. ಪಕ್ಕದವರ ಕಡೆ ತಿರುಗಿ ಏನೋ ಹೇಳಿದಳು.

ಏನಂದರೆಂದು ಆ ಭಾಷೆ ಬಲ್ಲವರನ್ನು ಕೇಳಲೇ ಎಂದ ಸಿದ್ಧಾರ್ಥ.

"ಬ್ಯಾಡ ಬಿಡು ಮಗ," ಎಂದಳು ಸಣ್ಣತಾಯಮ್ಮ.

ತಮ್ಮಯ್ಯ ಎದ್ದು ತೋಟದ ಕಡೆ ನಡೆದುಹೋದ. ಸಣ್ಣತಾಯಮ್ಮ ಜಿಡ್ಡಾದ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳಲು ಹೋದವಳು, ಒರೆಸದೆ, ಹಾಗೇ ಮಡಿಲಲ್ಲಿ ಇಟ್ಟುಕೊಂಡು ಕೂತಳು.