ಒಂದೇ ಗುಳ್ಳಿ, ಎರಡು ಚಿತ್ರ

ಉಳ್ಳಾಗಡ್ಡಿ ನಾತ ಸೆರಗಿನಾಗ ಇನ್ನೂ ಅದ, ಲಾಸಲಗಾಂವ್ ಸಂತಿ ಕಡೀ ಉಳ್ಳಾಗಡ್ಡಿ ಲಾರಿ ಹಿಂದೇ ತೆವಳಿತು ನಮ್ಮ ಬಸ್ಸು, ಈಗ ಪಂಚವಟಿಯಾಗ ಜಲಜಾಕ್ಷಿ ಅಪ್ಪನ ಹೋಟೆಲಿನಾಗ ಕುಂತೀನಿ, ರಜಾಕ್ಕ ಬಂದಾಳಂತ ಅಕಿ, ಮುಂದ ಇಡ್ಲಿ ಆರ್ಲಿಕತ್ತದ, ಆರ್ಲಿ, ನಾ ತಿನ್ಲಿಕ್ಕ ಬಂದಕಿ ಅಲ್ಲ, ಅಕೀನ್ನ ಕೆಡವ್ಲಿಕ್ಕ ಬಂದಕಿ — ಚೀಲದಾಗ ಅಕಿ ಲೇಖನ ಅಚ್ಚಾದ ಪತ್ರಿಕೆ ಅದ, ಬಾಯಿ ಕ್ಯಾನ್ಸರಿನ ಜೀವಕೋಶದ ಬಗ್ಗೆ, ಔರಂಗಾಬಾದಿನ ಕಾಲೇಜಿನಾಗ ಒಂದೇ ಮೈಕ್ರೋಸ್ಕೋಪಿಗೆ ನಾವಿಬ್ಬರೂ ಕಣ್ಣು ಹಚ್ಚಿದವರು, ಹೆಸರು ಮಾತ್ರ ಅಕೀದು ಬಂತು, ಮುಂಬೈದ ಹುದ್ದೆನೂ ಅಕೀಗೇ ಅಂತ ಮಾತು, ನಾ ಏನು ಕತ್ತೆ ಕಾಯ್ಲಿಕತ್ತಿದ್ನೇನು, ಹೊಟ್ಟಿ ಉರೀತದ, ಹೌದು, ಉರೀತದ. ಉಣ್ಣೋವಾಗ, ತಲಿ ಬಾಚೋವಾಗ ಅದೇ ಪುಟ ನೋಡಿದೆ, ಒಂದು ತಪ್ಪು ಸಿಗಲೆಪ್ಪಾ ಬಸವಣ್ಣಾ ಅಂದೆ, ಸಿಕ್ಕಿತು! ಇಬ್ಬರು ಬ್ಯಾರೆ ಬ್ಯಾರೆ ರೋಗಿಗಳ ಜೀವಕೋಶ ಅಂತ ಬರದಾಳ, ಎರಡೂ ಒಂದೇ ಚಿತ್ರ, ಎರಡನೇದು ತಲಿಕೆಳಗು ಅಷ್ಟ — ಸಾಕ್ಷಿಗೆ ಸ್ಲೈಡಿನ ಗಾಜಿನಾಗ ಸಿಕ್ಕ ಗಾಳಿಗುಳ್ಳಿ, ಯಾರೋ ಅಂಚು ಕಚ್ಚಿದಂಗಿರೋ ಗುಳ್ಳಿ, ಅಲ್ಲಿ ಬಲಕ್ಕ ಮ್ಯಾಲ, ಇಲ್ಲಿ ಎಡಕ್ಕ ಕೆಳಗ.

ಬಂದಳು ಜಲಜಾಕ್ಷಿ, ಹಸಿ ಕೈ ಸೀರಿಗೆ ಒರಸ್ತಾ, ಎಂಥ ಸಂಗಮ್ಮ, ಹೇಳದೆ ಕೇಳದೆ ಬಂದದ್ದು, ಚಟ್ನಿ ಹಾಕಿಸ್ಲಾ, ನಾ ಪತ್ರಿಕೆ ಬಿಚ್ಚಿ ಗುಳ್ಳಿ ಮ್ಯಾಲ ಬೆರಳಿಟ್ಟೆ, ಈಗ ಬೆವರ್ತಾಳ, ಈಗ ಕೈ ಹಿಡದು ಯಾರಿಗೂ ಹೇಳಬ್ಯಾಡ ಅಂತಾಳ — ಅಕಿ ಪತ್ರಿಕೆ ತಿರುಗಿಸಿದಳು, ಮತ್ತ ತಿರುಗಿಸಿದಳು, ಅಯ್ಯೋ ಹೌದು ಮಾರಾಯ್ತಿ, ಅಂದಳು, ಫೋಟೋ ಕಳಿಸುವಾಗ ನಾನೇ ತಪ್ಪಿದ್ದು, ಇವತ್ತೇ ಸಂಪಾದಕರಿಗೆ ಬರೀತೇನೆ, ಮುಂಬೈಯವರಿಗೂ ತಿಳಿಸ್ತೇನೆ, ಹುದ್ದೆ ಹೋದ್ರೆ ಹೋಗ್ಲಿ. ಅಂಜಿಕೆನೇ ಇಲ್ಲಲ್ಲ ಇಕೀಗೆ, ತಪ್ಪು ಒಪ್ಪೋದರಾಗೂ ನನ್ನ ಹಿಂದ ಹಾಕಿದಳಲ್ಲ, ಕಡಕ್ ಚಹಾ ಅಂತ ಯಾರೋ ಒದರಿದ, ಅಕಿ ಇನ್ನೂ ಮಾತಾಡ್ಲಿಕತ್ತಾಳ, ತಿದ್ದುಪಡಿಯಲ್ಲಿ ನಿನ್ನ ಹೆಸರು ಹಾಕಿಸ್ತೇನೆ, ತಪ್ಪು ಗುರುತಿಸಿದವರು ಡಾಕ್ಟರ್ ಸಂಗಮ್ಮ ಅಂತ — ನನ್ನ ಹೆಸರು ಮೊದಲ ಸಲ ಅಚ್ಚಿನಾಗ, ಅದೂ ಅಕಿ ಲೇಖನದ ಬಾಲಕ್ಕ! ಕಣ್ಣಾಗ ನೀರು ತಂದು ಅಂದಳು, ನನ್ನ ಲೇಖನ ಇಷ್ಟು ಪ್ರೀತಿಯಿಂದ ಓದಿದವಳು ನೀನೊಬ್ಬಳೇ.

ಪ್ರೀತಿ — ಹೇಳಬೇಕು, ಅದು ಪ್ರೀತಿ ಅಲ್ಲ ಜಲಜಾ ಅಂತ, ಆರಿದ ಇಡ್ಲಿ ಮುರದು ಬಾಯಾಗ ಇಟ್ಕೊಂಡೆ, ಪುಟ ನಮ್ಮಿಬ್ಬರ ನಡುವ ಬಿಚ್ಚೇ ಅದ, ಅಕೀ ಕಡಿಂದ ನೋಡಿದರ ಎಡಕ್ಕ ಕೆಳಗ, ನನ್ನ ಕಡಿಂದ ಬಲಕ್ಕ ಮ್ಯಾಲ, ಅಂಚು ಕಚ್ಚಿದ ಗುಳ್ಳಿ, ಅದೇ ಗುಳ್ಳಿ, ಗುಳ್ಳಿ —