ಅಮ್ಮನ ಹೆಸರಿಗೆ ಗೆರೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಚರ್ಚಿನ ಸಭೆಯವರೆಲ್ಲ ಹೇಳುತ್ತಾರೆ. ಇರಬಹುದು. ಹಗಲೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡಿ ಮನೆಗೆ ಬಂದಾಗ, ಹೆತ್ತ ತಾಯಿಯೇ "ಯಾರು ಬೇಕಿತ್ತಮ್ಮಾ?" ಎಂದು ಕೇಳಿದರೆ ನೀವೆಷ್ಟು ತಣ್ಣಗಿರುತ್ತೀರಿ, ನೋಡೋಣ.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಹೆಸರು ಕೂಗುವ ಭಾನುವಾರ ಬರುತ್ತದೆ. ಕಾರ್ಯದರ್ಶಿ ರಿಜಿಸ್ಟರ್ ಹಿಡಿದು ಒಂದೊಂದೇ ಹೆಸರು ಕರೆಯುತ್ತಾರೆ. ಹೆಸರು ಬಂದವರು ಎದ್ದು ನಿಂತು, ತಮ್ಮ ಬಾಯಿಂದಲೇ ಬೈಬಲಿನ ಒಂದು ವಚನ ಹೇಳಬೇಕು. ಎರಡು ವರ್ಷ ಹೇಳದಿದ್ದರೆ ಹೆಸರಿಗೆ ಗೆರೆ. ಊರು ಬಿಟ್ಟುಹೋದವರನ್ನು ಕೈಬಿಡಲು ಯಾವ ಕಾಲದಲ್ಲೋ ಮಾಡಿದ ನಿಯಮವದು. ಗೆರೆ ಬಿದ್ದವರಿಗೆ ಸಭೆಯ ಸಮಾಧಿ ಭೂಮಿಯಲ್ಲಿ ಜಾಗವಿಲ್ಲ. ಅಲ್ಲಿ ಅಪ್ಪನ ಪಕ್ಕದ ಆರಡಿ ಅಮ್ಮನಿಗಾಗಿ ಖಾಲಿ ಇದೆ. ಹೋದ ವರ್ಷ ಅಮ್ಮ ಬಾಯಿ ಬಿಟ್ಟಿರಲಿಲ್ಲ.

ತಮಾಷೆಯೆಂದರೆ, ಆ ಕಾರ್ಯದರ್ಶಿಗೂ ಅಲ್ಲಿದ್ದ ಅರ್ಧ ಜನಕ್ಕೂ ಸಂಡೇ ಸ್ಕೂಲಿನಲ್ಲಿ ಕಿವಿ ಹಿಂಡಿ ವಚನ ಬಾಯಿಪಾಠ ಮಾಡಿಸಿದವಳೇ ಅಮ್ಮ.

ಈ ಸಲ ಅವಳ ಹೆಸರು ಬಂದಾಗ ನಾನು ತೋಳು ಹಿಡಿದು ಎಬ್ಬಿಸಿದೆ. ಅಮ್ಮ ಸುತ್ತ ನೋಡಿದಳು, ಕರ್ಚೀಫು ಮಡಚಿದಳು, ಬಿಚ್ಚಿದಳು, ಕುಳಿತುಬಿಟ್ಟಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾ," ಎಂದರು ಕಾರ್ಯದರ್ಶಿ. "ಟೀಚರಮ್ಮನಿಗೆ ಈಗ ದೇವರ ನೆನಪೇ ಇಲ್ಲ. ನಿಯಮ ಎಲ್ಲರಿಗೂ ಒಂದೇ ಅಲ್ವಾ?"

ನನ್ನ ಮೈಯೆಲ್ಲ ಉರಿದುಹೋಯಿತು.

"ಅಮ್ಮನಿಗೆ ದೇವರ ನೆನಪಿಲ್ಲ, ಸರಿ. ದೇವರಿಗೆ ಅಮ್ಮನ ನೆನಪಿಲ್ಲ ಅಂತ ನಿಮಗ್ಯಾರು ಹೇಳಿದ್ದು? ಜಲಪ್ರಳಯದ ನೀರಿನ ಮೇಲೆ ತೇಲ್ತಿದ್ದ ನೋಹನನ್ನ ದೇವರು ನೆನೆಸಿಕೊಂಡ ಅಂತ ಓದಿದೀವಿ. ನೋಹ ಎದ್ದು ನಿಂತು ವಚನ ಒಪ್ಪಿಸಿದ ಅಂತ ಎಲ್ಲಿದೆ, ತೋರಿಸಿ! ಐಗುಪ್ತದಲ್ಲಿ ಗುಲಾಮರಾಗಿ ಇಟ್ಟಿಗೆ ಮಾಡಿ ಸೊಂಟ ಮುರಿದುಕೊಂಡವರು ಬರೀ ನರಳಿದ್ರು. ಅವರಿಗೆ ಕೊಟ್ಟ ಒಡಂಬಡಿಕೆ ನೆನಪಾಗಿದ್ದು ದೇವರಿಗೆ. ತಾಯಿ ಹೆತ್ತ ಮಗುವನ್ನ ಮರೆತರೂ ನಾನು ಮರೆಯಲ್ಲ ಅಂತ ದೇವರೇ ಅಂದನಲ್ಲ? ಮರೆತ ತಾಯಿ ಇಲ್ಲೇ ಕೂತಿದ್ದಾಳೆ. ಅವಳು ಮರೆತ ಮಗಳು ನಾನು. ಈಗ ಆ ಮಾತು ನಿಜವೋ ಸುಳ್ಳೋ, ಹೇಳಿಬಿಡಿ."

ಅಷ್ಟು ಹೇಳಿ ನಾನು ಅಮ್ಮನ ಪಕ್ಕ ಕುಳಿತೆ.

"ಗೆರೆ ಎಳೆಯೋದು ಕೊನೆಗೆ. ಮೊದಲು ಪಟ್ಟಿ ಮುಗೀಲಿ," ಎಂದು ಗೊಣಗಿ ಕಾರ್ಯದರ್ಶಿ ಮುಂದಿನ ಹೆಸರು ಕೂಗಿದರು. ಅದು ಮುದಿ ಬಡಗಿಯದು. ಆತ ಕೈಕಟ್ಟಿ ಕುಳಿತೇ ಇದ್ದ.

"ವಚನ ಹೇಳಿ, ಮಾವ."

"ಹೇಳಲ್ಲ. ಮುಂದಿನ ವರ್ಷಾನೂ ಹೇಳಲ್ಲ. ಸುಮ್ನೆ ಯಾಕೆ ಕಾಯ್ತೀಯ, ಈಗಲೇ ನಂಗೂ ಗೆರೆ ಹಾಕು."

ಆಮೇಲೆ ಸೂಲಗಿತ್ತಿಯ ಹೆಸರು. "ನಂಗೂ ಹಾಕಪ್ಪ," ಎಂದಳು ಆಕೆ, ಕೂತಲ್ಲಿಂದಲೇ. ಬಸ್ ಡ್ರೈವರ್ ಹೇಳಲ್ಲ ಎಂಬಂತೆ ಬರೀ ತಲೆಯಾಡಿಸಿದ. ಅವನ ಹೆಂಡತಿ ಛಾವಣಿ ನೋಡತೊಡಗಿದಳು. ಹೆಸರುಗಳು ಒಂದಾದ ಮೇಲೊಂದು ಬಂದವು. ಬೆಂಚು ಕಿರುಗುಟ್ಟಿದ ಸದ್ದೂ ಇಲ್ಲ. ಇಷ್ಟು ಚೆನ್ನಾಗಿ ಬಾಯಿ ಮುಚ್ಚಿಕೊಂಡಿರಲು ಈ ಜನಕ್ಕೆ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಪಟ್ಟಿಯ ಕೊನೆಯಲ್ಲಿ ಉಳಿದದ್ದು ಕಾರ್ಯದರ್ಶಿಯ ಹೆಸರು. ಅದನ್ನೂ ಅವರೇ ಕೂಗಬೇಕು. ಕೂಗಿದರು. ಅಮ್ಮನ ಕಡೆ ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿದರು. ರಿಜಿಸ್ಟರನ್ನು ಮೇಜಿನ ಮೇಲೆ ಬಿಟ್ಟು, ಇಳಿದು ಬಂದು, ಅಮ್ಮನ ಪಕ್ಕದಲ್ಲಿ ಕುಳಿತರು.

ಗೆರೆ ಎಳೆಯಲು ಯಾರೂ ಏಳಲಿಲ್ಲ.