ಕೈಗವಸು ಕಳಚುವ ಪುಟ

ಮುಂದಿನ ಬೆಂಚಿನವನ ಕತ್ತಿನ ಮೇಲೆ ಒಂದು ಇರುವೆ ಹತ್ತುತ್ತಿದೆ, ಅವನಿಗೆ ಗೊತ್ತಿಲ್ಲ, ಕಾಲರಿನೊಳಗೆ ಇಳಿಯಿತು, ಇಳಿಯಲಿ, ಚೆನ್ನಾಗಿ ಕಚ್ಚಲಿ — ಟೋಕನ್ ಹನ್ನೊಂದು ಎಂದು ಯಾರೋ ಕೂಗಿದರು, ವನಜಳದು ಹದಿನಾಲ್ಕು, ನೋಂದಣಿ ಕಚೇರಿಯ ಫ್ಯಾನು ಗಾಳಿಯಿಲ್ಲದೆ ಸದ್ದನ್ನು ಮಾತ್ರ ಕೊಡುತ್ತಿದೆ, ಮಡಿಲಲ್ಲಿ ಚೀಲ, ಚೀಲದಲ್ಲಿ ಆಧಾರ್ ಕಾರ್ಡು, ಕನ್ನಡಕ, ರಟ್ಟು ಹರಿದ ಇಂಗ್ಲಿಷ್ ಕಾದಂಬರಿ. ಪಕ್ಕದಲ್ಲಿ ತಮ್ಮ ರಾಜೇಂದ್ರ ಮುಂಬೈಯ ತನ್ನ ಹೋಟೆಲಿಗೆ ಫೋನು ಹಚ್ಚಿ, ಸಾಂಬಾರ್ ನಿನ್ನೆದ್ ಹಾಕ್ಬ್ಯಾಡ ಮಾರಾಯ ಎಂದು ಬೈಯುತ್ತಿದ್ದಾನೆ, ಅಕ್ಕನ ಮನೆ ಇನ್ನು ಅರ್ಧ ಗಂಟೆಯಲ್ಲಿ ಕೈಬಿಟ್ಟು ಹೋಗುತ್ತದೆ, ಇವನಿಗೆ ನಿನ್ನೆಯ ಸಾಂಬಾರಿನ ಚಿಂತೆ. ಫೋನು ಇಟ್ಟವನೇ ಚೀಲದೊಳಗೆ ಇಣುಕಿದ, ಇಲ್ಲಿಗೂ ಪುಸ್ತಕ ತಂದಿದ್ಯಾ ಅಕ್ಕ, ಎಂತ ಇತ್ತ್ ಅದ್ರಗೆ? ಎಂತ ಇದೆ! ಇನ್ನೂರು ವರ್ಷ ಹಿಂದಿನ ಇಂಗ್ಲೆಂಡು ಇದೆ, ಸಾರೋಟು ಇದೆ, ಮೇಣದ ಬತ್ತಿಯ ಬೆಳಕಲ್ಲಿ ಕುಣಿತ ಇದೆ, ಗೋಡೆಗೆ ಒರಗಿ ಯಾರಾದರೂ ಕರೆಯಲಿ ಎಂದು ಕಾಯುವ ಬಡಹುಡುಗಿ ಇದ್ದಾಳೆ. ಇವನ ಮಗಳು ಅಕ್ಷಿತಾ ಮೊನ್ನೆ ನಕ್ಕಳು, ಎಲ್ಲ ಒಂದೇ ಕತಿ ಅಲ್ದಾ ಅತ್ತೆ, ಕಡಿಗೆ ಮದಿ ಆತ್ತ್, ಮತ್ತೆಂತ. ಮದುವೆ ಯಾರಿಗೆ ಬೇಕು, ಮದುವೆಯ ಪುಟ ಬಂದರೆ ವನಜ ಪುಸ್ತಕ ಮುಚ್ಚಿಬಿಡುತ್ತಾಳೆ. ಅವಳಿಗೆ ಬೇಕಾದದ್ದು ಅದಕ್ಕೂ ಮೊದಲಿನ ಒಂದೇ ಪುಟ.

ಆ ಪುಟದಲ್ಲಿ ಡ್ಯೂಕ್ ಬರುತ್ತಾನೆ, ರಾಜನಿಗಿಂತ ಒಂದೇ ಮೆಟ್ಟಿಲು ಕೆಳಗಿನವನು, ಹುಡುಗಿಗೆ ಅವಮಾನ ಮಾಡಿದವನು, ಕುಣಿತ ನಿಲ್ಲುತ್ತದೆ, ಎಲ್ಲರೆದುರು ಕೈಗವಸು ಕಳಚುತ್ತಾನೆ, ತಪ್ಪು ನನ್ನದು ಎನ್ನುತ್ತಾನೆ, ಬರಿಗೈ ಚಾಚುತ್ತಾನೆ, ಚಾಚಿ ಕಾಯುತ್ತಾನೆ — ಹಿಡಿಯುವುದಿಲ್ಲ, ಎಳೆಯುವುದಿಲ್ಲ, ಕಾಯುತ್ತಾನೆ, ಅವಳು ಬೇಡ ಎಂದರೆ ತಲೆ ತಗ್ಗಿಸಿ ಹೋಗಬೇಕು ಅವನು, ಡ್ಯೂಕ್ ಆದರೂ ಹೋಗಬೇಕು. ಸುಳ್ಳು ಅಂತ ಗೊತ್ತಿಲ್ಲವೇ ಅವಳಿಗೆ? ಆ ಡ್ಯೂಕರ ಹಲ್ಲು ಹುಳುಕಾಗಿ ಬಾಯಿ ನಾರುತ್ತಿತ್ತು, ನಮ್ಮ ಕರಾವಳಿಯ ಕಾಳುಮೆಣಸು ಹೊತ್ತುಕೊಂಡು ಹೋಗಿ ದೊಡ್ಡವರಾದ ಜನ ಅವರು, ಎಲ್ಲ ಗೊತ್ತು. ಆದರೂ ಗಂಡಸೊಬ್ಬ ತಪ್ಪು ನನ್ನದು ಅನ್ನುವ ಸುಳ್ಳು ಬೇರೆ ಎಲ್ಲಿ ಸಿಗುತ್ತದೆ, ಸತ್ಯದಲ್ಲಂತೂ ಐವತ್ತಮೂರು ವರ್ಷದಲ್ಲಿ ಒಮ್ಮೆಯೂ ಸಿಗಲಿಲ್ಲ. ಮುಂಬೈಯಲ್ಲಿ ರಾಜೇಂದ್ರನ ಹೋಟೆಲಿನ ಹಿಂದಿನ ಎರಡು ಕೋಣೆಯಲ್ಲಿ ಹನ್ನೆರಡು ವರ್ಷ ಇವನ ಮಕ್ಕಳ ಮೂಗು ಒರೆಸಿದಳು, ಪಾತ್ರೆ ತಿಕ್ಕಿದಳು, ಮಕ್ಕಳು ಮಲಗಿದ ಮೇಲೆ ರದ್ದಿ ಅಂಗಡಿಯ ಪುಸ್ತಕ ಹಿಡಿದು ಒಂದೊಂದೇ ಶಬ್ದ ಕೂಡಿಸಿ ಇಂಗ್ಲಿಷ್ ಕಲಿತಳು. ಅಮ್ಮನಿಗೆ ಲಕ್ವ ಹೊಡೆದ ದಿನ, ಅಕ್ಕ ನೀನ್ ಊರಿಗ್ ಹ್ವಾಪುದೇ ಒಳ್ಳೇದ್ ಎಂದ, ಟಿಕೆಟ್ ಆಗಲೇ ಕಿಸೆಯಲ್ಲಿತ್ತು, ಹೋಗ್ತೀಯಾ ಅಂತ ಕೇಳಿದನೇ? ಬರುವಾಗಲೂ ಕೇಳಲಿಲ್ಲ, ಹೋಗುವಾಗಲೂ ಕೇಳಲಿಲ್ಲ, ಅವಳೇನು ಪಾರ್ಸೆಲ್ಲೇ?

ಟೋಕನ್ ಹನ್ನೆರಡು. ವರ್ಷಗಳ ಹಿಂದೆ, ಊರಿನಲ್ಲಿ, ಯಡ್ತರೆಯ ಇದೇ ಮನೆಯ ಜಗಲಿಯಲ್ಲಿ ಅಮ್ಮನ ಅಮ್ಮ ಸರಸಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಾಳೆ, ಮುಂಬೈಯಿಂದ ರಜೆಗೆ ಬಂದ ವನಜ ಕಾದಂಬರಿಯ ಕಥೆ ಹೇಳುತ್ತಿದ್ದಾಳೆ, ಅಪ್ಪ ಸತ್ತ, ಮೂರು ಹೆಣ್ಣುಮಕ್ಕಳು, ಮನೆ ಮಾತ್ರ ಎಲ್ಲಿಯದೋ ದಾಯಾದಿ ಗಂಡಿಗೆ. ಅಜ್ಜಿ ಕೈ ನಿಲ್ಲಿಸಿ, ಹೌದನಾ? ಅಯ್ಯೋ ಪಾಪದವೇ, ನಮ್ಮಲ್ಲ್ ಹಾಂಗಿಲ್ಲೆ ಮಗಾ, ನಮ್ದ್ ಅಳಿಯಕಟ್ಟ್, ಮನಿ ಅಂದ್ರೆ ಹೆಣ್ಣಿಂದ್, ನನ್ನಿಂದ ನಿನ್ನಬ್ಬಿಗೆ, ಅಬ್ಬಿಯಿಂದ ನಿಂಗೆ ಎಂದಳು, ಇಂಗ್ಲೆಂಡಿನ ಹುಡುಗಿಯರಿಗಾಗಿ ಇಡೀ ಸಂಜೆ ಮರುಗಿದಳು. ಬಾ ಅಜ್ಜಿ, ಈಗ ಬಂದು ನೋಡು! ಅಮ್ಮ ಸತ್ತ ಮೇಲೆ ಮನೆ ಇಬ್ಬರ ಹೆಸರಿಗೂ ಬಂತು, ಮೊನ್ನೆ ಊಟದ ಮಧ್ಯೆ ಇವನು ಕಾಗದ ಚಾಚಿದ, ಅವಳ ಪಾಲಿನ ಹಕ್ಕು ಬಿಡುಗಡೆ ಪತ್ರ, ಕೊಲ್ಲೂರಿಗ್ ಹೋಪವ್ರಿಗೆ ಒಂದ್ ಲಾಡ್ಜ್ ಕಟ್ಟುವ ಅಂದೇಳಿ ಅಕ್ಕ, ಪತ್ರ ಒಂದೇ ಹೆಸ್ರಗಿದ್ರೆ ಲಾಯ್ಕ್, ನಿಂಗೆ ಹಿಂದ್ ಬದಿಗೆ ಒಂದ್ ರೂಮ್ ಇದ್ದೇ ಇರತ್ತ್. ಹಿಂದಿನ ಬದಿಗೆ ಒಂದು ರೂಮು! ಪ್ರತಿ ಕಾದಂಬರಿಯಲ್ಲೂ ಅಂಥದ್ದೊಂದು ರೂಮು ಇರುತ್ತದೆ, ಅದರಲ್ಲಿ ಬಡ ನೆಂಟರ ಪೈಕಿಯವಳೊಬ್ಬಳು ಹರಿದ ಬಟ್ಟೆಗೆ ಹೊಲಿಗೆ ಹಾಕುತ್ತಿರುತ್ತಾಳೆ, ಅಲ್ಲಾದರೂ ಅದು ಅನ್ಯಾಯ ಅಂತ ಮೊದಲ ಪುಟದಲ್ಲೇ ಬರೆದಿರುತ್ತಾರೆ, ಇಲ್ಲಿ ಮೀನುಸಾರಿಗೆ ಅನ್ನ ಕಲಸುತ್ತಾ ಹೇಳಿಬಿಡುತ್ತಾರೆ. ಅವಳಾದರೂ ಮಾಡಿದ್ದೇನು, ಇನ್ನೆರಡು ಬಂಗುಡೆ ಬಡಿಸಿದಳು, ಥೂ.

ಹದಿನಾಲ್ಕು ಎಂದರೇ? ಎದ್ದಳು, ಮೊಣಕಾಲು ಚಳಕ್ ಎಂದಿತು, ಮೇಜಿನಾಚೆ ಅಧಿಕಾರಿ ಹೆಂಗಸು, ಇನ್ನೂ ಚಿಕ್ಕವಳು, ತಲೆಯೆತ್ತದೆ, ಅಮ್ಮ, ಪತ್ರ ಓದಿದ್ದೀರಾ, ನಿಮ್ಮ ಒಪ್ಪಿಗೆ ಉಂಟಾ ಎಂದಳು — ಒಪ್ಪಿಗೆ ಉಂಟಾ, ಯಾರನ್ನು ಕೇಳಿದ್ದು, ನನ್ನನ್ನೇ? — ಇತ್ತ್ ಮೇಡಂ ಎಂದ ರಾಜೇಂದ್ರ, ವನಜ ಬಾಯಿ ತೆರೆಯುವ ಮೊದಲೇ, ಅವಳ ಹೆಬ್ಬೆರಳು ಹಿಡಿದು ಯಂತ್ರದ ಗಾಜಿನ ಮೇಲೆ ಒತ್ತಿಯೂ ಬಿಟ್ಟ, ಅವನ ಉಂಗುರ ಗೆಣ್ಣಿಗೆ ಕಚ್ಚಿತು, ಕೆಂಪು ದೀಪ. ಹೊಂದುತ್ತಿಲ್ಲ, ಬೆರಳು ಒರೆಸಿ ಎಂದಳು ಅಧಿಕಾರಿ. ಹೇಗೆ ಹೊಂದುತ್ತದೆ, ರೇಷನ್ ಅಂಗಡಿಯಲ್ಲೂ ಹೀಗೆಯೇ, ಗೆರೆಗಳೆಲ್ಲ ಇವನ ಪಾತ್ರೆ ತಿಕ್ಕಿಯೇ ಸವೆದಿವೆ. ಸಮಾ ಒತ್ತ್ ಅಕ್ಕ, ಇವನ ಬೆವರುಗೈ ಮತ್ತೆ ಬಂತು, ಹಿಡಿಯಿತು, ಎಳೆಯಿತು — ವನಜ ಕೈ ಕಿತ್ತುಕೊಂಡಳು, ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಒಪ್ಗಿ ಇಲ್ಲೆ ಎಂದಳು, ಸ್ವರ ಗಟ್ಟಿಯಾಗಿಯೇ ಬಂತು, ಮುಂದಿನ ಬೆಂಚಿನವನು ತಿರುಗಿ ನೋಡಿದ. ಹ್ವಾಯ್, ಎಂತ ಅಕ್ಕ ಇದ್, ಜನ ಕಾಣ್ತ್ರ್! ನೋಡಲಿ, ಕುಣಿತದ ಮನೆಯಲ್ಲೂ ಎಲ್ಲರೂ ನೋಡುತ್ತಿದ್ದರು, ನನ್ನ ಹತ್ರ ಕೇಣ್ ರಾಜ, ಒಂದ್ಸಲ ಕೇಣ್ ಎಂದಳು. ಎಂತ ಕೇಣುದ್ ಎಂದು ಅವನು, ಕೇಳುವುದೇನೆಂದು ನಿಜಕ್ಕೂ ಗೊತ್ತಾಗದೆ ನಿಂತಿದ್ದಾನೆ, ಉಂಗುರದ ಕೈ ಇನ್ನೂ ಅವಳ ಮುಷ್ಟಿಯ ಕಡೆಗೇ ಬರುತ್ತಿದೆ, ಅಲ್ಲ, ಹಾಗಲ್ಲ, ಹಿಡಿಯುವುದಲ್ಲ, ಆ ಪುಟದಲ್ಲಿದ್ದ ಹಾಗೆ, ಕೈಗವಸು ಕಳಚಿದ ಕೈ, ಚಾಚಿದ ಕೈ, ಹಿಡಿಯದೆ ಕಾಯುವ ಬರಿಗೈ, ಕಾಯುವ ಬರಿಗೈ —